ದೇವರನ್ನು ‘ಯಾಕೆ?’ ಅಂತ ಕೇಳಿದರೆ ನಂಬಿಕೆ ಕಮ್ಮಿ ಅಂತಾನಾ?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಪಕ್ಕದಲ್ಲಿ ನಿಂತಿದ್ದ ಲಾರಿ ಎಲ್ಲ ಮಣ್ಣಿನ ಜೊತೆ ಗಂಗಾವಳಿ ಹೊಳೆ ಪಾಲಾದವು. ಅದಾದ ಮೊದಲ ಭಾನುವಾರ ಕಾರವಾರದಲ್ಲಿ ಒಂದೇ ಸಮನೆ ಮಳೆ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿದ ಮೇಲೆ ನಾನು ಮಕ್ಕಳಿಗೆ ದೊತೊರ್ನ್ ಕ್ಲಾಸ್ ತಗೊಳ್ಳುತ್ತಿದ್ದೆ. ದೊತೊರ್ನ್ ಅಂದರೆ ನಮ್ಮ ಕೊಂಕಣಿಯಲ್ಲಿ ಧರ್ಮೋಪದೇಶ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ದನಿ ಹಿಂದಿನ ಬೆಂಚಿನವರಿಗೆ ಕೇಳುತ್ತಲೇ ಇರಲಿಲ್ಲ. ಏಳನೇ ಕ್ಲಾಸಿನ ಒಬ್ಬ ಹುಡುಗ ಕೈ ಎತ್ತಿದ.

‘ಟೀಚರ್, ಅವತ್ತು ದೇವರು ಎಲ್ಲಿದ್ದ?’

‘ಹಾಗೆಲ್ಲ ಕೇಳಬಾರದು. ನಂಬಿಕೆ ಇಡಬೇಕು’ ಅಂದೆ. ಹುಡುಗ ಕೈ ಇಳಿಸಿದ. ಪುಸ್ತಕದ ಮೂಲೆ ಮಡಚುತ್ತ, ಬಿಡಿಸುತ್ತ ಕೂತ.

ಅವತ್ತಿನ ಪಾಠ ಯಾವುದಿತ್ತು ಗೊತ್ತಾ? ಅಬ್ರಹಾಮನದ್ದು. ಮನೆಗೆ ಬಂದು ಕೊಡೆ ಒಣಗಲು ಬಿಚ್ಚಿಡುವಾಗ ನಾನು ಮಾಡಿದ ಎಡವಟ್ಟು ಹೊಳೆಯಿತು. ದೇವರನ್ನು ಕೇಳಬಾರದು ಅಂತ ಹೇಳಲು ಇಡೀ ಬೈಬಲಿನಲ್ಲಿ ಅಬ್ರಹಾಮನಷ್ಟು ತಪ್ಪು ಪಾಠ ಇನ್ನೊಂದು ಸಿಗಲಿಕ್ಕಿಲ್ಲ.

ಆದಿಕಾಂಡದ 18ನೇ ಅಧ್ಯಾಯ ನೋಡಿ. ಸೊದೋಮ್ ಪಟ್ಟಣವನ್ನು ನಾಶ ಮಾಡುತ್ತೇನೆ ಅಂತ ದೇವರು ಹೊರಟಿದ್ದಾನೆ. ಅಬ್ರಹಾಮ ಅಡ್ಡ ನಿಲ್ಲುತ್ತಾನೆ. ಊರಲ್ಲಿ 50 ಜನ ಒಳ್ಳೆಯವರಿದ್ದರೆ? ಅವರನ್ನೂ ಸೇರಿಸಿ ಸುಡ್ತೀಯಾ? ಲೋಕಕ್ಕೆಲ್ಲ ನ್ಯಾಯ ಹೇಳುವವನೇ ಅನ್ಯಾಯ ಮಾಡಬಹುದಾ? ದೇವರು ಒಪ್ಪುತ್ತಾನೆ, 50 ಇದ್ದರೆ ಬಿಡ್ತೇನೆ. ಅಬ್ರಹಾಮ ಅಲ್ಲಿಗೇ ಬಿಡುವುದಿಲ್ಲ. ಐದು ಕಮ್ಮಿ ಬಿದ್ದರೆ? 45. ಆಮೇಲೆ 40. ಆಮೇಲೆ 30, 20, ಕೊನೆಗೆ 10. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಬುಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತು ಚೌಕಾಸಿ ಮಾಡುವವರನ್ನು ನೋಡಿದವರಿಗೆ ಈ ಧಾಟಿ ಹೊಸದಲ್ಲ. ‘ಸಿಟ್ಟಾಗ್ಬೇಡ, ಇನ್ನೊಂದೇ ಸಲ ಕೇಳ್ತೇನೆ’ ಅನ್ನುವ ಮಾತು ಕೂಡ ಅಲ್ಲಿದೆ. ತಮಾಷೆ ಅಂದರೆ, ಯೆಹೂದ್ಯರು, ಕ್ರೈಸ್ತರು, ಮುಸ್ಲಿಮರು ಮೂವರೂ ನಂಬಿಕೆಗೆ ಮಾದರಿ ಅಂತ ಬೆರಳು ತೋರಿಸುವುದು ಇದೇ ಮನುಷ್ಯನ ಕಡೆಗೆ.

ನಮ್ಮಲ್ಲಿ ಈ ಗೊಂದಲ ಸ್ವಲ್ಪ ಮಾತಿನಿಂದಲೂ ಬಂದಿದೆ ಅನಿಸುತ್ತದೆ. ‘ದೇವರನ್ನು ಪ್ರಶ್ನಿಸುವುದು’ ಅಂದ ಕೂಡಲೇ ಕಿವಿಗೆ ಎದುರು ನಿಲ್ಲುವುದು, ಸೊಕ್ಕು ತೋರಿಸುವುದು ಅಂತ ಬೀಳುತ್ತದೆ. ‘ದೇವರ ಹತ್ರ ಕೇಳ್ಕೊಳ್ಳೋದು’ ಅಂದರೆ ಪ್ರಾರ್ಥನೆ, ಅದು ಭಕ್ತಿ. ಆದರೆ ಕನ್ನಡದ ‘ಕೇಳು’ ಅನ್ನುವ ಒಂದೇ ಶಬ್ದ ಮೂರು ಕೆಲಸ ಮಾಡುತ್ತದೆ. ಬೇಡುವುದೂ ಕೇಳುವುದೇ, ‘ಯಾಕೆ’ ಅನ್ನುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಬೈಬಲಿನ ಪ್ರಾರ್ಥನೆಗಳನ್ನು ಓದಲು ಇಷ್ಟು ಅನುಕೂಲದ ಶಬ್ದ ಇನ್ನೊಂದಿಲ್ಲ. ಅಲ್ಲಿ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡೇ ಬರುತ್ತವೆ.

ಬೈಬಲಿನ ಕೀರ್ತನೆಗಳನ್ನೇ ತಗೊಳ್ಳಿ. ಒಟ್ಟು 150 ಇವೆ. ಹೊಗಳಿಕೆಯ ಹಾಡುಗಳು ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಗೋಳು, ದೂರು. 13ನೇ ಕೀರ್ತನೆಯಲ್ಲಿ ಇರುವುದೇ ಆರು ವಚನ. ಮೊದಲ ಎರಡರಲ್ಲೇ ‘ಎಲ್ಲಿವರೆಗೆ?’ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎಲ್ಲಿವರೆಗೆ ನನ್ನನ್ನು ಮರೆತಿರುತ್ತೀ? ಎಲ್ಲಿವರೆಗೆ ಮುಖ ಮರೆಸಿಕೊಳ್ಳುತ್ತೀ? 44ನೆಯದು ಇನ್ನೂ ಬಿರುಸು. ಎದ್ದೇಳು, ಯಾಕೆ ಮಲಗಿದ್ದೀ ಅಂತ ನೇರವಾಗಿ ದೇವರಿಗೇ ಹೇಳುತ್ತದೆ. ಇಂಥ ಹಾಡುಗಳಲ್ಲಿ ಹೆಚ್ಚಿನವು ಕೊನೆಗೆ ಒಂದು ತಿರುವು ತಗೊಳ್ಳುತ್ತವೆ. ಅತ್ತು ಅತ್ತು, ಆಮೇಲೆ ‘ಆದರೂ ನಿನ್ನನ್ನೇ ನಂಬಿದ್ದೇನೆ’ ಅನ್ನುತ್ತವೆ. 88ನೆಯದು ಆ ತಿರುವನ್ನೂ ತಗೊಳ್ಳುವುದಿಲ್ಲ. ಹಗಲೂ ರಾತ್ರಿ ಕೂಗಿದೆ, ಯಾಕೆ ನನ್ನನ್ನು ತಳ್ಳಿಬಿಟ್ಟೆ ಅಂತ ಕೇಳಿ, ಕತ್ತಲೆಯ ಮಾತಿನೊಂದಿಗೇ ಮುಗಿಯುತ್ತದೆ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಶಬ್ದವೇ ‘ಕತ್ತಲೆ’.

ಇದನ್ನು ಯಾರೋ ಮರೆತು ಒಳಗೆ ಬಿಟ್ಟದ್ದಲ್ಲ. ದೇವಾಲಯದಲ್ಲಿ ಎಲ್ಲರೂ ಸೇರಿ ಹಾಡಲಿ ಅಂತಲೇ ಇಟ್ಟದ್ದು. ಕನ್ನಡದವರಿಗೆ ಇದು ತೀರಾ ಅಚ್ಚರಿ ಆಗಬೇಕಾಗಿಲ್ಲ. ದೇವರನ್ನು ಬೈಯುತ್ತಲೇ ಹಾಡುವ ದಾಸರ ನಿಂದಾಸ್ತುತಿ ಕೇಳಿ ಬೆಳೆದವರು ನಾವು. ಹಾಗಂತ ಎರಡೂ ಒಂದೇ ಅಲ್ಲ. ನಿಂದಾಸ್ತುತಿಯಲ್ಲಿ ಒಂದು ಸಲಿಗೆಯ ನಗು ಇರುತ್ತದೆ. 88ನೇ ಕೀರ್ತನೆಯಲ್ಲಿ ನಗು ಇಲ್ಲ.

ಯೇಸುವಿನ ಯಾತನೆಯ ಕಥೆಗೆ ಬನ್ನಿ. ಶಿಲುಬೆ ಮೇಲೆ ಯೇಸು ಕೂಗಿದ್ದು ಏನು? ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?’ ಅದು 22ನೇ ಕೀರ್ತನೆಯ ಮೊದಲ ಸಾಲು. ಯೇಸುವಿನ ಕಥೆ ಬರೆದ ಮಾರ್ಕ, ಮತ್ತಾಯ ಇಬ್ಬರೂ ಇದನ್ನು ಬರೆದಿದ್ದಾರೆ, ಅದೂ ಯೇಸು ಆಡಿದ ಭಾಷೆಯ ಉಚ್ಚಾರದಲ್ಲೇ. ದೇವರಿಗೆ ‘ಯಾಕೆ’ ಅನ್ನುವುದೇ ಅಪನಂಬಿಕೆ ಅಂತಾದರೆ, ಕ್ರೈಸ್ತರು ಮೊದಲು ಈ ಸಾಲಿಗೆ ಉತ್ತರ ಕೊಡಬೇಕಾಗುತ್ತದೆ. ಅದು ದೇವರ ಬಗ್ಗೆ ಆಡಿದ ಮಾತಲ್ಲ, ದೇವರನ್ನು ಹಿಡಿದುಕೊಂಡೇ ಆ ದೇವರಿಗೆ ಆಡಿದ ಮಾತು. ‘ನನ್ನ’ ಅನ್ನುವುದು ಎರಡು ಸಲ ಇದೆ ನೋಡಿ.

ಈಗ ಯೋಬನ ಕಥೆ. ಇದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು, ಯಾಕೆಂದರೆ ನಾವು ಸಾಮಾನ್ಯವಾಗಿ ಇದರ ಆರಂಭ ಮತ್ತು ಕೊನೆ ಮಾತ್ರ ಓದುತ್ತೇವೆ. ‘ಕೊಟ್ಟವನೂ ಅವನೇ, ತಗೊಂಡವನೂ ಅವನೇ’ ಅಂದ ತಾಳ್ಮೆಯ ಯೋಬ ಮೊದಲ ಅಧ್ಯಾಯದಲ್ಲಿದ್ದಾನೆ. ಒಟ್ಟು 42 ಅಧ್ಯಾಯ. ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳನ್ನು ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತ ಮೇಲೆ ಮೂರನೇ ಅಧ್ಯಾಯದಿಂದ ಅವನ ಬಾಯಿ ತೆರೆಯುತ್ತದೆ. ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ದೇವರನ್ನು ಕೋರ್ಟಿಗೆ ಎಳೆಯಬೇಕು, ಮಧ್ಯಸ್ಥಿಕೆಗೆ ಯಾರೂ ಇಲ್ಲವಲ್ಲ ಅಂತ ಹಲುಬುತ್ತಾನೆ.

ನೋಡಲು ಬಂದ ಗೆಳೆಯರು ಮೂವರು: ಎಲೀಫಜ, ಬಿಲ್ದದ, ಚೋಫರ. ಮೊದಲ ಏಳು ದಿನ ಏಳು ರಾತ್ರಿ ಅವರು ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಶುರು: ದೇವರು ಅನ್ಯಾಯ ಮಾಡುವುದಿಲ್ಲ, ನೀನೇ ಏನೋ ಪಾಪ ಮಾಡಿರಬೇಕು, ಒಪ್ಪಿಕೋ.

ಈ ಗೆಳೆಯರನ್ನು ನಾನು ನೋಡಿದ್ದೇನೆ. ಕೋಡಿಬಾಗದ ಒಂದು ಮನೆಯಲ್ಲಿ ಮಗ ತೀರಿಹೋದ ಏಳನೇ ದಿನ. ತೇರ್ಸ, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿದು ಸ್ಟೀಲ್ ಲೋಟದಲ್ಲಿ ಚಹಾ ಹಂಚುತ್ತಿದ್ದರು. ತಾಯಿ ಒಳಗಿನ ಕೋಣೆಯ ಹೊಸ್ತಿಲ ಮೇಲೆ ಕೂತು ‘ದೇವಾ, ಕಿತ್ಯಾಕ್?’ ಅನ್ನುತ್ತಿದ್ದರು. ಅಷ್ಟೇ, ಮತ್ತೆ ಮತ್ತೆ. ದೇವರೇ, ಯಾಕೆ? ಒಬ್ಬರು ಬಗ್ಗಿ, ‘ಹಾಗನ್ನಬೇಡ, ಪಾಪ ಬರ್ತದೆ. ದೇವರಿಗೆ ಒಳ್ಳೆಯವರೇ ಬೇಕು’ ಅಂದರು. ತಾಯಿ ಅವರ ಮುಖ ನೋಡಲಿಲ್ಲ. ಕೈಯಲ್ಲಿದ್ದ ಚಹಾ ಕೆನೆಕಟ್ಟಿತ್ತು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಎಲೀಫಜನೂ ಅಲ್ಲ. ದೇವರ ಪರ ವಕಾಲತ್ತು ವಹಿಸಿಕೊಂಡರೆ ಪುಣ್ಯ ಅಂತ ಅವರ ಲೆಕ್ಕ.

ಪುಸ್ತಕದ ಕೊನೆಯಲ್ಲಿ ದೇವರು ಆ ಲೆಕ್ಕವನ್ನೇ ತಿರುಗಿಸಿಬಿಡುತ್ತಾನೆ. 42ನೇ ಅಧ್ಯಾಯದ 7ನೇ ವಚನದಲ್ಲಿ ದೇವರ ಸಿಟ್ಟು ಇರುವುದು ಎಲೀಫಜ ಮತ್ತವನ ಇಬ್ಬರು ಗೆಳೆಯರ ಮೇಲೆ. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಸುಮಾರು ಇಪ್ಪತ್ತು ಅಧ್ಯಾಯ ದೇವರನ್ನು ತರಾಟೆಗೆ ತಗೊಂಡವನು ಸರಿ, ದೇವರನ್ನು ಸಮರ್ಥಿಸಿದವರು ತಪ್ಪು! ಆ ಗೆಳೆಯರಿಗಾಗಿ ಪ್ರಾರ್ಥನೆ ಮಾಡುವ ಕೆಲಸ ಕೂಡ ಯೋಬನ ಪಾಲಿಗೇ ಬರುತ್ತದೆ.

ಹಾಗಂತ ಯೋಬನಿಗೆ ಉತ್ತರ ಸಿಕ್ಕಿತಾ? ಇಲ್ಲ. ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ, ಆದರೆ ಅದೆಲ್ಲ ಮರುಪ್ರಶ್ನೆ. ನಾನು ಭೂಮಿಗೆ ಅಡಿಪಾಯ ಹಾಕುವಾಗ ನೀನೆಲ್ಲಿದ್ದೆ? ಕಡಲಿಗೆ ಬಾಗಿಲು ಹಾಕಿ, ಇಲ್ಲಿವರೆಗೆ ಬಾ, ಇದರಿಂದ ಮುಂದೆ ಬರಬೇಡ ಅಂದವರು ಯಾರು? ಕಡಲ್ಕೊರೆತ ಕಂಡ ನಮ್ಮ ಊರಿನವರು ಈ ಸಾಲು ಓದಿದರೆ ಒಂದು ಕ್ಷಣ ನಕ್ಕಾರು. ಯೋಬನ ಮಕ್ಕಳು ಯಾಕೆ ಸತ್ತರು ಅನ್ನುವುದಕ್ಕೆ ದೇವರ ಮಾತಿನಲ್ಲಿ ಒಂದಕ್ಷರ ಇಲ್ಲ. ನನಗೆ ಈ ಉತ್ತರ ಇವತ್ತಿಗೂ ಪೂರ್ತಿ ಒಗ್ಗಿಲ್ಲ. ಆದರೆ ‘ಕೇಳಿದ್ದೇ ತಪ್ಪು’ ಅನ್ನುವ ಮಾತು ಅಲ್ಲಿಲ್ಲ ಅನ್ನುವುದಂತೂ ಖಚಿತ.

ಶಿರೂರಿನ ನಂತರ ಅಲ್ಲಲ್ಲಿ ಕೇಳಿದ್ದ ಇನ್ನೊಂದು ಮಾತು: ಯಾರ ಪಾಪವೋ ಏನೋ. ಇದಕ್ಕಂತೂ ಯೇಸು ನೇರವಾಗಿಯೇ ಮಾತಾಡಿದ್ದಾನೆ. ಲೂಕನ 13ನೇ ಅಧ್ಯಾಯ. ಯೆರೂಸಲೇಮಿನಲ್ಲಿ ಸಿಲೋವ ಅನ್ನುವಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಜಾಸ್ತಿ ಪಾಪಿಗಳು ಅಂದುಕೊಂಡಿರಾ? ಅಲ್ಲ, ಅನ್ನುತ್ತಾನೆ. ನಿಮ್ಮ ನಿಮ್ಮ ಬದುಕು ತಿದ್ದಿಕೊಳ್ಳಿ ಅಂತ ಕೇಳುವವರ ಕಡೆಗೇ ಮಾತು ತಿರುಗಿಸುತ್ತಾನೆ. ಯಾಕೆ ಬಿತ್ತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಜಾಗ. ಅದು ಮೂರೇ ಅಧ್ಯಾಯದ ಪುಟ್ಟ ಪುಸ್ತಕ, ಹಬಕ್ಕೂಕ. ಕ್ರಿ.ಪೂ. 600ರ ಆಸುಪಾಸಿನ ಪ್ರವಾದಿ. ಊರಲ್ಲಿ ಅನ್ಯಾಯ ತುಂಬಿದೆ, ನಾನು ಕೂಗಿಕೊಂಡರೂ ನಿನಗೆ ಕೇಳಿಸುವುದಿಲ್ಲ ಅಂತ ಅವನ ದೂರು. ತಾಳು, ಶಿಕ್ಷೆ ಕೊಡಲು ಬಾಬಿಲೋನಿನವರನ್ನು ಕಳಿಸುತ್ತೇನೆ ಅನ್ನುತ್ತಾನೆ ದೇವರು. ಹಬಕ್ಕೂಕನಿಗೆ ಇನ್ನೂ ತಲೆಕೆಡುತ್ತದೆ. ನಮಗಿಂತ ಕೆಟ್ಟವರ ಕೈಲಿ ನಮಗೆ ಶಿಕ್ಷೆಯಾ? ಇದ್ಯಾವ ನ್ಯಾಯ? ಇಷ್ಟು ಕೇಳಿ ಅವನು ಎದ್ದು ಹೋಗುವುದಿಲ್ಲ. ಕಾವಲು ಗೋಪುರ ಹತ್ತಿ, ಏನು ಉತ್ತರ ಬರುತ್ತದೋ ನೋಡೇಬಿಡುತ್ತೇನೆ ಅಂತ ನಿಲ್ಲುತ್ತಾನೆ.

ಆಗ ಬಂದ ಉತ್ತರದಲ್ಲಿ ಒಂದು ಸಾಲಿದೆ: ನೀತಿವಂತ ತನ್ನ ನಂಬಿಕೆಯಿಂದಲೇ ಬದುಕುತ್ತಾನೆ. ಪೌಲ ರೋಮಿನವರಿಗೆ ಪತ್ರ ಬರೆಯುವಾಗ ಮೊದಲ ಅಧ್ಯಾಯದಲ್ಲೇ ಇದನ್ನು ಎತ್ತಿಕೊಂಡ. ಹದಿನಾರನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಇದೇ ಮಾತನ್ನು ಹಿಡಿದು ಯುರೋಪಿನ ಚರ್ಚನ್ನೇ ಅಲ್ಲಾಡಿಸಿದ. ನಂಬಿಕೆಯ ಬಗ್ಗೆ ಕ್ರೈಸ್ತರು ಇಷ್ಟು ಉರು ಹೊಡೆದ ಸಾಲು ಹುಟ್ಟಿದ್ದು ಒಬ್ಬ ದೂರುದಾರನಿಗೆ ಕೊಟ್ಟ ಜವಾಬಾಗಿ. ಅವನು ಕೇಳದೇ ಸುಮ್ನೆ ಇದ್ದಿದ್ದರೆ ಆ ಸಾಲೇ ನಮಗೆ ಸಿಗುತ್ತಿರಲಿಲ್ಲ ಅಲ್ವಾ?

ಆ ಸಾಲಿನ ‘ನಂಬಿಕೆ’ಗೆ ಹೀಬ್ರೂವಿನಲ್ಲಿ ಎಮುನಾ ಅನ್ನುತ್ತಾರೆ. ನಾವು ಪ್ರಾರ್ಥನೆ ಕೊನೆಗೆ ಹೇಳುವ ಆಮೆನ್ ಕೂಡ ಅದೇ ಬೇರಿನದು. ಅದರ ಅರ್ಥ ಗಟ್ಟಿಯಾಗಿ ನಿಲ್ಲುವುದು, ಅಲ್ಲಾಡದಿರುವುದು. ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ಯುದ್ಧ ನಡೆಯುವಾಗ ಮೋಶೆ ಕೈ ಎತ್ತಿ ನಿಂತಿರುತ್ತಾನೆ. ಕೈ ಸೋತು ಇಳಿಯುತ್ತದೆ. ಆರೋನ ಒಂದು ಕಡೆ, ಹೂರ ಇನ್ನೊಂದು ಕಡೆ ಹಿಡಿದುಕೊಳ್ಳುತ್ತಾರೆ. ಹೊತ್ತು ಮುಳುಗುವ ತನಕ ಅವನ ಕೈ ‘ಎಮುನಾ’ ಆಗಿತ್ತು ಅಂತ ಬರೆದಿದೆ. ನೋಯುತ್ತಿದ್ದ ಕೈ, ಯಾರೋ ಹಿಡಿದಿದ್ದ ಕೈ. ತಲೆಯೊಳಗೆ ಒಂದೂ ಅನುಮಾನ ಇಲ್ಲದಿರುವುದು ಅನ್ನುವ ಅರ್ಥ ಆ ಶಬ್ದಕ್ಕೆ ದೂರ.

ಆದರೆ ಅದೇ 17ನೇ ಅಧ್ಯಾಯದ ಮೊದಲರ್ಧದಲ್ಲಿ ಒಂದು ಪ್ರಶ್ನೆಗೆ ಕೆಟ್ಟ ಹೆಸರು ಬಂದಿದೆ. ಅದನ್ನು ಮುಚ್ಚಿಟ್ಟರೆ ನಾನು ಮೋಸ ಮಾಡಿದ ಹಾಗೆ. ಮರುಭೂಮಿಯಲ್ಲಿ ನೀರಿಲ್ಲದೆ ಜನ ‘ಯೆಹೋವ ನಮ್ಮ ನಡುವೆ ಇದ್ದಾನೋ ಇಲ್ಲವೋ?’ ಅಂದರು. ಆ ಜಾಗಕ್ಕೆ ಮಸ್ಸಾ, ಅಂದರೆ ಪರೀಕ್ಷೆ, ಅಂತ ಹೆಸರಾಯಿತು. ದೇವರನ್ನು ಪರೀಕ್ಷಿಸಬೇಡಿ ಅನ್ನುವ ಆಜ್ಞೆ ಬಂದಿದ್ದು ಇದನ್ನೇ ನೆನಪಿಸಿ. ಬಾಯಾರಿಕೆ ತಪ್ಪಲ್ಲ, ಕೂಗುವುದೂ ತಪ್ಪಲ್ಲ. ಅವರು ಜಗಳ ಆಡಿದ್ದು ಮೋಶೆಯ ಜೊತೆ. ದೇವರನ್ನು ಕೂಗಿದವನು ಮೋಶೆ ಒಬ್ಬನೇ. ನೀರು ಬಂದರೆ ಇದ್ದಾನೆ, ಬರದಿದ್ದರೆ ಇಲ್ಲ ಅನ್ನುವ ವ್ಯಾಪಾರ ಅವರದು. ಏದೆನ್ ತೋಟದಲ್ಲಿ ಹಾವು ಕೇಳಿದ ಪ್ರಶ್ನೆಯೂ ಹೀಗೇ. ‘ದೇವರು ನಿಜವಾಗಿ ಹಾಗಂದನಾ?’ ಅಂತ ಬೆನ್ನ ಹಿಂದೆ ಮಾತು. ಆ ಸಂಭಾಷಣೆಯಲ್ಲಿ ದೇವರ ಬಗ್ಗೆ ಮಾತಿದೆ, ದೇವರ ಜೊತೆ ಮಾತಿಲ್ಲ.

ಇನ್ನೊಂದು ವಚನ ಜನ ಪದೇ ಪದೇ ಎತ್ತಿ ತೋರಿಸುತ್ತಾರೆ, ಯಾಕೋಬನ ಪತ್ರದ್ದು. ಸಂಶಯಪಡುವವನು ಗಾಳಿಗೆ ಹೊಯ್ದಾಡುವ ಸಮುದ್ರದ ತೆರೆ ಇದ್ದ ಹಾಗೆ. ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ ಮಳೆಗಾಲದ ತೆರೆ ನೋಡಿದವರಿಗೆ ಇದು ಬೇಗ ನಾಟುತ್ತದೆ. ಆದರೆ ಅದರ ಹಿಂದಿನ ವಚನವನ್ನೂ ಓದಬೇಕಲ್ಲ. ತಿಳಿವಳಿಕೆ ಬೇಕಾದವನು ದೇವರನ್ನು ಕೇಳಲಿ, ಆತ ಬೈಯದೆ ಕೊಡುತ್ತಾನೆ ಅಂತಿದೆ. ಸಂಶಯ ಅಂತ ಅನುವಾದವಾದ ಗ್ರೀಕ್ ಶಬ್ದದಲ್ಲಿ ಇಬ್ಭಾಗವಾಗುವ ಅರ್ಥ ಇದೆ. ಎರಡು ವಚನ ಮುಂದೆ ‘ಎರಡು ಮನಸ್ಸಿನವನು’ ಅಂತ ಬಿಡಿಸಿಯೇ ಹೇಳುತ್ತದೆ. ನಮ್ಮ ಮಾತಲ್ಲಿ ಎರಡು ದೋಣಿ ಮೇಲೆ ಕಾಲಿಟ್ಟವನು. ಒಂದೇ ದೋಣಿಯಲ್ಲಿ ಕೂತು ‘ಎಲ್ಲಿಗೆ ಹೋಗ್ತಿದ್ದೇವೆ?’ ಅಂತ ಚಾಲಕನನ್ನು ಕೇಳುವವನ ಕಥೆ ಬೇರೆ.

ಗಡಿ ಯಾವಾಗಲೂ ಇಷ್ಟು ಸ್ಪಷ್ಟ ಇರುವುದಿಲ್ಲ ಅನ್ನುವುದೂ ನಿಜ. ಲೂಕನ ಮೊದಲ ಅಧ್ಯಾಯದಲ್ಲಿ, ಮಗ ಹುಟ್ಟುತ್ತಾನೆ ಅನ್ನುವ ಸುದ್ದಿ ತಂದ ದೇವದೂತನನ್ನು ಇಬ್ಬರು ಪ್ರಶ್ನೆ ಕೇಳುತ್ತಾರೆ. ಮುದುಕ ಯಾಜಕ ಜಕರೀಯ ‘ಇದು ನನಗೆ ಗೊತ್ತಾಗೋದು ಹೇಗೆ?’ ಅಂದ, ಮಾತು ನಿಂತುಹೋಯಿತು. ಯೇಸುವಿನ ತಾಯಿ ಮರಿಯ ‘ಇದು ಆಗೋದು ಹೇಗೆ?’ ಅಂದಳು, ವಿವರಣೆ ಸಿಕ್ಕಿತು. ಅವನು ಕೇಳಿದ್ದು ಪುರಾವೆ, ಅವಳು ಕೇಳಿದ್ದು ದಾರಿ ಅನ್ನುತ್ತಾರೆ. ಇರಬಹುದು. ನನಗೆ ಮುದುಕನ ಮೇಲೆ ಸ್ವಲ್ಪ ಕನಿಕರವೇ. ಕೊನೆಗೆ ಮಗನೂ ಹುಟ್ಟಿದ, ಮಾತೂ ಬಂತು. ಆ ಮಗನೇ ಸ್ನಾನಿಕ ಯೊವಾನ್ನ. ಅವನೂ ಅಪ್ಪನ ಹಾಗೇ. ಸೆರೆಮನೆಯಿಂದ ಶಿಷ್ಯರನ್ನು ಕಳಿಸಿ, ಬರಬೇಕಾದವನು ನೀನೇನಾ, ಇಲ್ಲ ನಾವು ಬೇರೆಯವರಿಗೆ ಕಾಯಬೇಕಾ ಅಂತ ಯೇಸುವನ್ನೇ ಕೇಳಿಸಿದ. ಯೇಸು ಉತ್ತರ ಕೊಟ್ಟು ಕಳಿಸಿ, ಅವನಿಗಿಂತ ದೊಡ್ಡವನು ಹುಟ್ಟಿಲ್ಲ ಅಂತ ಜನರೆದುರು ಹೊಗಳಿದ.

ಚರ್ಚ್ ಈ ಪ್ರಶ್ನೆಗಳನ್ನು ಯಾವಾಗಲೂ ಇಷ್ಟು ದೊಡ್ಡ ಮನಸ್ಸಿನಿಂದ ಸ್ವಾಗತಿಸಿತು ಅಂದರೆ ಸುಳ್ಳಾಗುತ್ತದೆ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಬಹಳ ಮನೆಗಳ ಬೇರು ಗೋವೆಯಲ್ಲಿದೆ. ಅಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, 1812ರವರೆಗೆ ಇತ್ತು. ಅಲ್ಲಿ ಪ್ರಶ್ನೆ ಕೇಳುವ ಹಕ್ಕು ವಿಚಾರಣೆ ಮಾಡುವವರದ್ದು ಮಾತ್ರ. ದೇವರನ್ನು ಕೇಳುವುದು, ಪಾದ್ರಿಯನ್ನು ಕೇಳುವುದು ಎರಡೂ ಒಂದೇ ಅಂತ ಕಲಸಿಹೋಗಿದ್ದರ ಹಿಂದೆ ಇಂಥ ಇತಿಹಾಸವೂ ಇದೆ ಅಂತ ನನ್ನ ಅನುಮಾನ.

ಅದೇ ಚರ್ಚಿನ ಒಳಗೆ ಇನ್ನೊಂದು ಪರಂಪರೆಯೂ ಇತ್ತು. ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್ ತನ್ನ ದೊಡ್ಡ ಗ್ರಂಥವನ್ನು ಪೂರ್ತಿ ಪ್ರಶ್ನೆಗಳಾಗಿಯೇ ಬರೆದ. ದೇವರಿದ್ದಾನೆಯೇ ಅನ್ನುವಲ್ಲಿ ಶುರು ಮಾಡುವುದೇ ‘ಇಲ್ಲ ಅಂತ ತೋರುತ್ತದೆ’ ಅಂತ. ಲೋಕದಲ್ಲಿ ಕೆಡುಕಿದೆಯಲ್ಲ ಅನ್ನುವ ಆಕ್ಷೇಪಕ್ಕೆ ಮೊದಲ ಜಾಗ ಕೊಟ್ಟು, ಆಮೇಲೆ ತನ್ನ ಉತ್ತರ. ಹತ್ತೊಂಬತ್ತನೇ ಶತಮಾನದ ಕಾರ್ಡಿನಲ್ ನ್ಯೂಮನ್, ಹತ್ತು ಸಾವಿರ ತೊಡಕುಗಳು ಸೇರಿದರೂ ಒಂದು ಸಂಶಯ ಆಗುವುದಿಲ್ಲ ಅಂದರು. ಅವರ ಈ ಮಾತನ್ನು ಇವತ್ತಿನ ಕಥೋಲಿಕ ಧರ್ಮೋಪದೇಶ ಗ್ರಂಥ ತನ್ನೊಳಗೆ ಸೇರಿಸಿಕೊಂಡಿದೆ. ಬೇಕಂತಲೇ ತಳ್ಳಿಹಾಕುವ ಸಂಶಯ ಬೇರೆ, ತಾನಾಗಿ ಬಂದು ಕಾಡುವ ಸಂಶಯ ಬೇರೆ ಅಂತಲೂ ಅದು ವಿಂಗಡಿಸುತ್ತದೆ. ಎರಡನೆಯದನ್ನೂ ನೀರೆರೆದು ಬೆಳೆಸಬೇಡಿ ಅಂತ ಎಚ್ಚರಿಸುತ್ತದೆ.

ಮದರ್ ತೆರೇಸಾ ತೀರಿಹೋಗಿ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಬಹಳ ಜನ ಬೆಚ್ಚಿಬಿದ್ದರು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ಸಿಕ್ಕಿದ್ದು ಬರೀ ಕತ್ತಲೆ, ಮೌನ. ಆ ಪತ್ರಗಳು ಕೈಯಲ್ಲಿದ್ದೂ ಚರ್ಚ್ 2016ರಲ್ಲಿ ಅವರನ್ನು ಸಂತ ಅಂತ ಸಾರಿತು.

ಸಂತ ತೋಮಸನನ್ನು ಬಿಟ್ಟರೆ ಈ ಲೇಖನ ಮುಗಿಯುವುದಿಲ್ಲ ಅಂತ ಗೊತ್ತು. ‘ಸಂಶಯದ ತೋಮಸ’ ಅಂತ ಪಾಪ ಅವನಿಗೆ ಹೆಸರೇ ಅಂಟಿಹೋಗಿದೆ. ಸಾವಿನಿಂದ ಎದ್ದು ಬಂದ ಯೇಸುವಿನ ಗಾಯ ಮುಟ್ಟಿ ನೋಡದೆ ನಂಬಲ್ಲ ಅಂದವನು. ಎಂಟು ದಿನದ ಮೇಲೆ ಯೇಸು ಬಂದು, ಬಾ, ಮುಟ್ಟು ಅಂದ. ನೋಡದೆ ನಂಬುವವರು ಧನ್ಯರು ಅಂತಲೂ ಹೇಳಿದ, ನಿಜ. ಆದರೆ ಮೊದಲು ಗಾಯ ತೋರಿಸಿದ. ಆ ಎಂಟು ದಿನ ತೋಮಸ ಎಲ್ಲಿದ್ದ ಅನ್ನುವುದನ್ನು ನಾವು ಗಮನಿಸುವುದಿಲ್ಲ. ಅನುಮಾನ ಇಟ್ಟುಕೊಂಡೇ ಉಳಿದ ಶಿಷ್ಯರ ಜೊತೆಗಿದ್ದ. ಅವರೂ ಅವನನ್ನು ಹೊರಗೆ ಹಾಕಲಿಲ್ಲ.

ಮುಂದಿನ ಭಾನುವಾರವೂ ಮಳೆ. ಹುಡುಗ ಬಂದಿದ್ದ. ‘ನೀನು ಹೋದ ವಾರ ಕೇಳಿದ್ದು ಸರಿ ಇತ್ತು. ಉತ್ತರ ನನಗೂ ಗೊತ್ತಿಲ್ಲ’ ಅಂದೆ. ಮತ್ತೆ ಅಬ್ರಹಾಮನ ಪಾಠವನ್ನೇ ತೆಗೆಸಿದೆ. 50, 45, 40, 30, 20, 10. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಹತ್ತು ಅವನ ಪಾಲಿಗೆ ಬಂದಿತ್ತು. ಓದಿ ಮುಗಿಸಿ, ಪುಟದಿಂದ ತಲೆ ಎತ್ತಿದ.

‘ಟೀಚರ್, ಹತ್ತಕ್ಕೇ ಯಾಕೆ ನಿಲ್ಲಿಸಿದ? ಇನ್ನೂ ಇಳಿಸಬಹುದಿತ್ತಲ್ವಾ? ನಮ್ಮಮ್ಮ ಆಗಿದ್ರೆ ಒಂದಕ್ಕೆ ತರ್ತಿದ್ರು.’